ಮನೆಗೆ ಕಳಿಸಬೇಡಿ

ಆಫೀಸರಮ್ಮ ಬಂದ ಹೊತ್ತಿಗೆ ವಳ್ಳಿಯಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಬೇಲಿಯಾಚೆ ಯಾರೋ ನಿಂತು, "ಮಾರಪ್ಪನ್ ಮನೆ ಇದೇನಾ?" ಎಂದು ತಮಿಳಿನಲ್ಲಿ ಕೇಳಿದರು. ಕೈಯಲ್ಲಿದ್ದ ಕಲ್ಲು ಜಾರಿ ಹೆಬ್ಬೆರಳ ಮೇಲೆ ಬಿತ್ತು. ನೋವು ಆಮೇಲೆ ತಿಳಿಯಿತು, ಮೊದಲು ತಿಳಿದದ್ದು ಹೆದರಿಕೆ. ಹನ್ನೊಂದು ದಿನದಿಂದ ಹೀಗೆಯೇ ಆಗಿತ್ತು. ಮಗನ ಹೆಸರು ಹಿಡಿದು ಯಾರು ಕೇಳಿದರೂ ಪೊಲೀಸರೇ ಬಂದರು ಎನ್ನಿಸುತ್ತಿತ್ತು.

ಹನ್ನೊಂದು ದಿನದ ಹಿಂದೆ, ಅನ್ನೂರಿನ ಆಚೆಗಿರುವ ಒಂದು ಸಣ್ಣ ನೂಲಿನ ಮಿಲ್ಲಿನಲ್ಲಿ ಹತ್ತಿಯ ಕಸ ತುಂಬಿಡುವ ಗೋಡೌನಿಗೆ ಬೆಂಕಿ ಬಿದ್ದಿತ್ತು. ತಾನಾಗಿ ಬಿದ್ದದ್ದಲ್ಲ, ಹಚ್ಚಿದ್ದು. ಹಚ್ಚಿದವಳು ವಳ್ಳಿಯಮ್ಮನ ಮೊಮ್ಮಗಳು ಇಂದುಜಾ. ಹದಿನಾರು ತುಂಬಿ ಎರಡು ತಿಂಗಳಾಗಿತ್ತಷ್ಟೆ. ತಾಯಿಯಿಲ್ಲದ ಹುಡುಗಿ, ಹತ್ತನೇ ಕ್ಲಾಸು ಮುಗಿಸಿ ಒಂದು ವರ್ಷದಿಂದ ಅದೇ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಊಟದ ಹೊತ್ತಿನಲ್ಲಿ ಗೋಡೌನಿಗೆ ಹೋಗಿ, ಒಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ಕಡ್ಡಿ ಗೀರಿ ಹಾಕಿ, ಹೊರಗೆ ಬಂದು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಳಂತೆ. ಓಡಲಿಲ್ಲ. ಬೆಂಕಿ ಆರಿಸಲು ನುಗ್ಗಿದ ವಾಚ್‌ಮನ್ ಕುಪ್ಪಸಾಮಿಯ ಎರಡೂ ಅಂಗೈ ಸುಟ್ಟವು. ಪೊಲೀಸರು ಬಂದು ಯಾರು ಮಾಡಿದ್ದು ಎಂದಾಗ "ನಾನೇ" ಎಂದಳು. ಯಾಕೆ ಎಂದಾಗ ಬಾಯಿ ಮುಚ್ಚಿದಳು. ಅಂದಿನಿಂದ ಕೊಯಮತ್ತೂರಿನಲ್ಲಿ, ತಪ್ಪು ಮಾಡಿದ ಹುಡುಗಿಯರನ್ನು ಇಡುವ ಸರ್ಕಾರಿ ಗೃಹದಲ್ಲಿದ್ದಳು.

ಯಾಕೆ ಎನ್ನುವುದು ವಳ್ಳಿಯಮ್ಮನಿಗೆ ಗೊತ್ತಿತ್ತು. ಮಗ ಮಾರಪ್ಪನ್‌ಗೂ ಗೊತ್ತಿತ್ತು. ಹನ್ನೊಂದು ದಿನದಲ್ಲಿ ಇಬ್ಬರೂ ಒಮ್ಮೆಯೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ.

ಬಂದಾಕೆ ನಲವತ್ತರ ಆಸುಪಾಸಿನವರು. ಸಾದಾ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ಮುಖದ ಮೇಲೆ ಟೌನ್ ಬಸ್ಸಿನ ಧೂಳು. ಹೆಸರು ವಿಜಯಕುಮಾರಿ ಎಂದರು. ತಾನು ಪೊಲೀಸಲ್ಲ, ಬಾಲ ನ್ಯಾಯ ಮಂಡಳಿಯ ಪ್ರೊಬೇಶನ್ ಆಫೀಸರ್, ಹೆದರಬೇಡಿ ಎಂದರು. ವಳ್ಳಿಯಮ್ಮ ತಲೆ ತಗ್ಗಿಸಿ ಮತ್ತೆ ಹುಣಸೆಹಣ್ಣು ಕುಟ್ಟತೊಡಗಿದಳು.

ಮಾರಪ್ಪನ್ ಒಳಗಿಂದ ಹಗ್ಗದ ಮಂಚ ತಂದು ಹಾಕಿದ. ಅವನು ಅದೇ ಮಿಲ್ಲಿನ ವ್ಯಾನ್ ಓಡಿಸುವವನು. ಬೆಂಕಿಯ ದಿನದಿಂದ ಕೆಲಸಕ್ಕೆ ಕರೆದಿರಲಿಲ್ಲ.

"ಗುರುವಾರ ಮಂಡಳಿ ಕೂಡುತ್ತದೆ," ಆಫೀಸರಮ್ಮ ಪುಸ್ತಕ ತೆರೆದು ತಮಿಳಿನಲ್ಲೇ ಹೇಳಿದರು. "ಮಗುವನ್ನು ಮನೆಗೆ ಕಳಿಸಬಹುದೋ ಇಲ್ಲವೋ ಎಂದು ನಾನು ವರದಿ ಕೊಡಬೇಕು. ಮಕ್ಕಳನ್ನು ಕೂಡಿಹಾಕಬೇಕು ಅಂತ ಕಾನೂನಿಗೇನೂ ಆಸೆಯಿಲ್ಲ. ಮನೆ ಚೆನ್ನಾಗಿದ್ದರೆ ಮನೆಯೇ ಮೇಲು."

"ನಮ್ಮ ಮನೆಗೇನು ಮೇಡಂ," ಎಂದ ಮಾರಪ್ಪನ್. "ಅವಳ ಹಾಸಿಗೆ ಹಾಗೇ ಇದೆ. ನೀವು ಕಳಿಸಿದರೆ ಸಾಕು." ಎದ್ದು ನೀರಿನ ಚೊಂಬು ತಂದವನು, ಅದನ್ನು ಅವರ ಮುಂದೆ ಇಡುತ್ತಾ, ಬೆಲ್ಲ ಎಲ್ಲಿಟ್ಟಿದ್ದೀಯ ಎಂದು ಕೇಳುವಷ್ಟು ಸಲೀಸಾಗಿ ತಾಯಿಗೆ ಕನ್ನಡದಲ್ಲಿ ಹೇಳಿದ: "ಅವ್ವ, ಸೆಂದಿಲ್ ಹೆಸ್ರು ಮಾತ್ರ ಎತ್ಬ್ಯಾಡ."

ಆ ಮನೆಯವರಿಗೆ ಅದು ಹಳೆಯ ಅಭ್ಯಾಸ. ತಲೆತಲಾಂತರದಿಂದ ಇದೇ ಮಣ್ಣಿನಲ್ಲಿ ಜೋಳ, ಕಡಲೆಕಾಯಿ ಬೆಳೆದುಕೊಂಡು ಬಂದವರು. ಅಂಗಡಿ, ಶಾಲೆ, ಮಿಲ್ಲು ಎಲ್ಲ ಕಡೆಯೂ ತಮಿಳು. ಕನ್ನಡ ಹೊಸ್ತಿಲೊಳಗಿನ ಮಾತು. ಹೊರಗಿನವರ ಎದುರು ಗುಟ್ಟು ಆಡಬೇಕಾದರೆ ಪಿಸುಗುಡುವ ಕಷ್ಟವೂ ಇರಲಿಲ್ಲ.

"ಮದುವೆಯ ಮಾತೇನಾದರೂ ನಡೆದಿತ್ತಾ?" ಆಫೀಸರಮ್ಮ ಕೇಳಿದರು.

"ಅಯ್ಯೋ, ಇನ್ನೂ ಚಿಕ್ಕ ಮಗು ಮೇಡಂ."

ವಳ್ಳಿಯಮ್ಮನಿಗೆ ತಡೆಯಲಾಗಲಿಲ್ಲ. ಹುಣಸೆಹಣ್ಣಿನ ಮೇಲೆ ಕಣ್ಣಿಟ್ಟುಕೊಂಡೇ ಕನ್ನಡದಲ್ಲಿ ಮಗನಿಗೆ ಅಂದಳು: "ಎಂಥಾ ಸುಳ್ಳು ಹೇಳ್ತೀಯೋ. ಮದ್ವೆಗೆ ಕೂರೆ ಸೀರೆ ತಂದು ಪೆಟ್ಟಿಗೇಲಿಟ್ಟಿದ್ದೀಯ."

"ನೀ ಸುಮ್ನಿರು. ಗುರುವಾರ ಆಚೆ ಬರ್ಲಿ. ಸುಕ್ರವಾರ ಅವ್ರ ಕುಲದೇವ್ರ ಗುಡೀಲಿ ತಾಳಿ ಕಟ್ಸಿ ಮುಗಿಸ್ಬುಡಾನ. ಆಮೇಲೆ ಕೇಸು ಗೀಸು ಏನೂ ಇರಾಕಿಲ್ಲ, ಓನರ್ ಹತ್ರ ಅವ್ನೇ ಮಾತಾಡ್ತಾನೆ."

"ಮೊದಲ್ನೇ ಹೆಂಡ್ತಿ ದವಡೆ ಮುರ್ದೋನು ಕಣೋ. ಕೂಸು ಅದ್ಕೇ ತಾನೆ ಬೆಂಕಿ ಇಟ್ಟಿದ್ದು."

ಆಫೀಸರಮ್ಮ ನೀರು ಕುಡಿದು ಚೊಂಬು ಕೆಳಗಿಟ್ಟರು. "ಅಜ್ಜಿ ಏನು ಹೇಳ್ತಿದ್ದಾರೆ?"

"ಮೊಮ್ಮಗಳ ನೆನಪಾಗಿ ಅಳ್ತಾಳೆ ಮೇಡಂ. ವಯಸ್ಸಾಯ್ತಲ್ಲ."

ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಹುಡುಗಿ ಮಲಗುವ ಜಾಗ ನೋಡಿದರು, ಶಾಲೆಯ ಅಂಕಪಟ್ಟಿ ನೋಡಿದರು. ಅರ್ಧ ಗಂಟೆಯಾದ ಮೇಲೆ ಎದ್ದು, ಬಸ್‌ಸ್ಟಾಪಿಗೆ ಹೊಲದ ನಡುವೆ ಹತ್ತಿರದ ದಾರಿ ಇದೆಯಂತಲ್ಲ, ಅಜ್ಜಿ ತೋರಿಸಲಿ ಎಂದರು.

ಇಬ್ಬರೂ ಬದುವಿನ ಮೇಲೆ ಹಿಂದೆ ಮುಂದಾಗಿ ನಡೆದರು. ಮನೆ ಮರೆಯಾಗಿ ತಾಳೆಮರಗಳ ಸಾಲು ದಾಟಿದ ಮೇಲೆ, ಹಿಂದೆ ಬರುತ್ತಿದ್ದ ಆಫೀಸರಮ್ಮ ಹೇಳಿದರು:

"ಹೆಬ್ಬೆರಳಿಗೆ ಏನಾದ್ರೂ ಹಚ್ಕಳಿ ಅಜ್ಜಿ. ಊದ್ತಾ ಐತೆ."

ಮಾತು ಕನ್ನಡದಲ್ಲಿತ್ತು. ಅದೂ ಪುಸ್ತಕದ ಕನ್ನಡವಲ್ಲ, ತಮಿಳಿನ ರಾಗದಲ್ಲಿ ಎಳೆದ ಮನೆಯ ಕನ್ನಡ. ವಳ್ಳಿಯಮ್ಮನ ಕಾಲು ನಿಂತಲ್ಲೇ ನಿಂತಿತು. ಜಗಲಿಯಲ್ಲಿ ಆಡಿದ ಒಂದೊಂದು ಮಾತೂ ಒಂದರ ಹಿಂದೊಂದು ನೆನಪಿಗೆ ಬಂತು. ಬಾಯಿಗೆ ಸೆರಗು ಒತ್ತಿಕೊಂಡು ಬದುವಿನ ಮೇಲೆಯೇ ಕುಕ್ಕರಿಸಿದಳು.

"ನಾನೂ ಮನೇಲಿ ಇದೇ ಮಾತು ಆಡೋಳು," ಎಂದರು ಆಫೀಸರಮ್ಮ, ಅವಳ ಎದುರಿಗೆ ತಾವೂ ಕೂತು. "ನಮ್ಮಪ್ಪ ಮಗ್ಗದೋರು. ಆಮೇಲೆ ಕೊಯಮತ್ತೂರು ಗಣಪತೀಲಿ ಪಂಪಿನ ವರ್ಕ್‌ಶಾಪಿಗೆ ಸೇರಿದ್ರು. ನಾ ಕೇಳಿಸ್ಕೊಳ್ಳೋಕಂತ ಬಂದೋಳಲ್ಲ. ನೀವೇ ಆಡಿದ್ರಿ."

"ನನ್ನ ಮಗನ್ನ ಹಿಡ್ಕಂಡು ಹೋಯ್ತೀರಾ?"

"ಅವ್ರ ಮಾತು ಆಮೇಲೆ. ನಿಮ್ಮ ಮೊಮ್ಮಗಳ ಮಾತು ಕೇಳಿ. ನಾಲ್ಕು ಸಲ ನೋಡಿದ್ದೀನಿ ಅವಳನ್ನ. ಮನೆಗೆ ಕಳಿಸ್ತೀವಿ ಅಂದಾಗೆಲ್ಲ ತನ್ನ ಮೇಲೆ ತಾನೇ ಹೊಸ ತಪ್ಪು ಹೊರಿಸ್ಕತಾಳೆ. ಆಚೆ ಬಿಟ್ರೆ ಮತ್ತೆ ಬೆಂಕಿ ಇಡ್ತೀನಿ ಅಂದ್ಲು. ವಾಚ್‌ಮನ್‌ನ ಬೇಕಂತಲೇ ಸುಟ್ಟೆ ಅಂದ್ಲು. ಯಾವ ಮಗು ಹಾಗೆ ಹೇಳುತ್ತೆ?" ಆಫೀಸರಮ್ಮ ಚೀಲದ ದಾರ ಬೆರಳಿಗೆ ಸುತ್ತಿ ಬಿಚ್ಚಿದರು. "ಹನ್ನೆರಡು ವರ್ಷದಿಂದ ಈ ಕೆಲಸ. ಮಕ್ಕಳನ್ನ ಒಳಗಿಡಬ್ಯಾಡಿ, ಮನೆಗೆ ಕಳಿಸಿ ಅಂತ ಎಷ್ಟು ವರದಿ ಬರೆದೆನೋ. ಇದಕ್ಕೂ ಅದನ್ನೇ ಬರೆಯೋಳಿದ್ದೆ. ಇವತ್ತು ಬರದೇ ಇದ್ದಿದ್ರೆ ಬರೆದೂ ಆಗಿರ್ತಿತ್ತು."

ರಸ್ತೆಯ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಅವರು ಎದ್ದು ಸೀರೆ ಕೊಡವಿಕೊಂಡರು. "ನಾ ಕೇಳಿದ್ದನ್ನ ಬರೀತೀನಿ. ನಿಮ್ಮ ಮಗ ಅದು ಸುಳ್ಳು ಅಂತಾರೆ. ಗುರುವಾರ ನೀವು ಬಂದು ನಿಮ್ಮ ಬಾಯಲ್ಲಿ ಹೇಳ್ಬೇಕು."

ವಳ್ಳಿಯಮ್ಮ ಎದ್ದು ಮತ್ತೆ ರಸ್ತೆಯ ಕಡೆ ನಡೆದಳು. ಹೇಳುತ್ತೇನೆ ಎಂದು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ. ಇಲ್ಲ ಎನ್ನುವುದಕ್ಕೂ ಬಾಯಿ ಬರಲಿಲ್ಲ.

ಸೆಂದಿಲ್ ಮರುದಿನ ಮಧ್ಯಾಹ್ನ ಬಂದ. ಮಿಲ್ಲಿನ ಮೇಸ್ತ್ರಿ, ಮೂವತ್ತೊಂದು ವರ್ಷ, ವಳ್ಳಿಯಮ್ಮನ ಸ್ವಂತ ಅಣ್ಣನ ಮಗ. ಇಂದುಜಾಗೆ ಮಾವನಾಗಬೇಕು, ಮದುವೆಗೆ ವರಸೆ ಸರಿಯಿದೆ ಎಂದು ಎರಡೂ ಮನೆಯ ಗಂಡಸರು ಒಪ್ಪಿಕೊಂಡಿದ್ದರು. ಕುಡಿದು ಕೆಲಸ ಕಳಕೊಂಡಿದ್ದ ಮಾರಪ್ಪನ್‌ಗೆ ವ್ಯಾನಿನ ಕೆಲಸ ಕೊಡಿಸಿದವನೂ ಅವನೇ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನ ಮೊದಲ ಹೆಂಡತಿಯನ್ನು ವಳ್ಳಿಯಮ್ಮ ಬಸ್‌ಸ್ಟಾಪಿನಲ್ಲಿ ಕಂಡಿದ್ದಳು. ಮುಖದ ಕೆಳಭಾಗವನ್ನೆಲ್ಲ ಟವೆಲಿನಲ್ಲಿ ಕಟ್ಟಿಕೊಂಡಿದ್ದಳು. ಮಾತಾಡಲು ಹೋದರೆ ಟವೆಲಿನೊಳಗಿಂದ ಬರೀ ಗಾಳಿ ಬಂತು. ಗೋಬಿ ಪಟ್ಟಣದ ತವರಿಗೆ ಹೋದವಳು ಮತ್ತೆ ಬರಲಿಲ್ಲ. ವಳ್ಳಿಯಮ್ಮ ಅದನ್ನು ಯಾರಿಗೂ ಹೇಳಲಿಲ್ಲ, ಅಣ್ಣನ ಮನೆಯ ಮಾನ ಅಂತ. ಒಬ್ಬಳಿಗೆ ಮಾತ್ರ ಹೇಳಿದ್ದಳು, ಮದುವೆಯ ಮಾತು ಬಂದ ರಾತ್ರಿ ಪಕ್ಕದಲ್ಲಿ ಮಲಗಿದ್ದ ಇಂದುಜಾಗೆ.

"ಅತ್ತೆ, ಊಟ ಆಯ್ತಾ?" ಸೆಂದಿಲ್ ಚಪ್ಪಲಿ ಹೊರಗೆ ಸಾಲಾಗಿ ಬಿಟ್ಟು ಒಳಗೆ ಬಂದ. ಇಂದುಜಾಳ ಹಾಸಿಗೆಯ ಮೇಲೆ ಕೂತ. ಮಾರಪ್ಪನ್ ಬಾಗಿಲ ಬಳಿ ನಿಂತೇ ಇದ್ದ.

"ಆಯ್ತಪ್ಪ."

"ಆಫೀಸರ್ ಬಂದಿದ್ಲಂತೆ. ನೀವು ಬಸ್‌ಸ್ಟಾಪ್ ತನಕ ಹೋದ್ರಂತೆ."

"ದಾರಿ ತೋರಿಸ್ದೆ."

"ದಾರೀಲಿ ಏನು ಕೇಳಿದ್ಲು?"

"ನಂಗೇನು ತಿಳಿತದೆ. ತಮಿಳಲ್ಲಿ ಏನೋ ಅಂದ್ಲು." ಎಂಥ ಹುಚ್ಚು ಮಾತು ಆಡಿದೆ ಎಂದು ಆಡಿದ ಮೇಲೆ ಅರಿವಾಯಿತು. ಅರವತ್ತಾರು ವರ್ಷ ತಮಿಳಿನ ನಡುವೆ ಬದುಕಿದವಳಿಗೆ ತಮಿಳು ತಿಳಿಯದೆ ಇರುತ್ತದೆಯೇ?

ಸೆಂದಿಲ್ ನಕ್ಕ. ಎದ್ದು ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣಿಕಟ್ಟು ಹಿಡಿದುಕೊಂಡ, ಪ್ರೀತಿಯಿಂದ ಹಿಡಿದ ಹಾಗೆಯೇ. "ನಮ್ಮಪ್ಪ ಯಾವಾಗ್ಲೂ ಹೇಳ್ತಾರೆ. ನಾನು ಕೂಸಾಗಿದ್ದಾಗ ಅವ್ವಂಗೆ ಹುಷಾರಿಲ್ಲ ಅಂತ ನೀವೇ ಮೂರು ತಿಂಗಳು ಎತ್ತಾಡ್ಸಿದ್ರಂತೆ." ಮಾತಾಡುತ್ತಾ ತನ್ನ ಹೆಬ್ಬೆರಳನ್ನು ಅವಳ ಮಣಿಕಟ್ಟಿನ ಎರಡು ಎಲುಬಿನ ನಡುವೆ ಇಟ್ಟು ಒತ್ತಿದ. ದನಿ ಒಂದಿಷ್ಟೂ ಏರಲಿಲ್ಲ. "ಆ ಋಣ ನಾ ಮರೆಯಲ್ಲ ಅತ್ತೆ. ನೀವೂ ಮರೀಬ್ಯಾಡಿ. ಗುರುವಾರ ನಾನೇ ಕಾರು ತರ್ತೀನಿ. ಬಂದು ಹೆಬ್ಬೆಟ್ಟು ಒತ್ತಿ, ಕೂಸನ್ನ ಕರ್ಕಂಡು ಬರಾನ."

ಅವನು ಹೋದ ಮೇಲೆ ಮಣಿಕಟ್ಟಿನ ಮೇಲೆ ಬೆರಳಿನ ಗುರುತು ಕೆಂಪಗೆ ಉಳಿಯಿತು. ಮಾರಪ್ಪನ್ ಅದನ್ನು ನೋಡಿದ. ನೋಡಿ ಹಿತ್ತಲಿಗೆ ಹೋಗಿ ಆಡುಗಳಿಗೆ ಸೊಪ್ಪು ಹಾಕತೊಡಗಿದ, ಆಗಲೇ ಹಾಕಿದ್ದ ಸೊಪ್ಪಿನ ಮೇಲೆಯೇ.

ಗುರುವಾರದವರೆಗೆ ವಳ್ಳಿಯಮ್ಮ ನಿದ್ದೆ ಎನ್ನುವುದನ್ನು ಮಾಡಲಿಲ್ಲ. ಹೇಳಿದರೆ ಸೆಂದಿಲ್ ಏನು ಮಾಡುವನೋ ಎಂಬ ಭಯ. ಅಣ್ಣನ ಮನೆಯ ಬಾಗಿಲು ಮುಚ್ಚುತ್ತದೆಂಬ ಭಯ. ಮಗನನ್ನು ಪೊಲೀಸರು ಒಯ್ದರೆ ಎಂಬ ಭಯ. ಹೇಳದಿದ್ದರೆ ಏನಾಗುತ್ತದೆ ಎಂದು ಯೋಚಿಸಿದಾಗ ಮಾತ್ರ ಟವೆಲ್ ಕಟ್ಟಿಕೊಂಡ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಆ ಟವೆಲಿನ ಮೇಲೆ ಇಂದುಜಾಳ ಕಣ್ಣುಗಳಿರುತ್ತಿದ್ದವು.

ಗುರುವಾರ ಸೆಂದಿಲ್ ಹೇಳಿದಂತೆ ಕಾರು ತಂದ. ತಾಯಿ ಮಗ ಇಬ್ಬರನ್ನೂ ಮಂಡಳಿ ಕೂಡುವ ಕಟ್ಟಡಕ್ಕೆ ಕರೆದೊಯ್ದ. ಗೇಟಿನ ಹೊರಗೆ ಬೇವಿನ ಮರದಡಿ ಕಾರು ನಿಲ್ಲಿಸಿ ಅವನು ಅಲ್ಲೇ ಒರಗಿ ನಿಂತ. ಹಿಂದಿನ ಸೀಟಿನ ಮೇಲೆ ಒಂದು ಬಟ್ಟೆಯ ಗಂಟಿತ್ತು. ಇಳಿಯುವಾಗ ವಳ್ಳಿಯಮ್ಮನ ಕೈ ಅದಕ್ಕೆ ತಾಗಿತು. ಒಳಗೆ ರೇಷ್ಮೆಯ ಅಂಚು ಇತ್ತು. ನಾಳೆಯವರೆಗೂ ಕಾಯುವ ಯೋಚನೆ ಇವನಿಗಿಲ್ಲ, ಇಲ್ಲಿಂದಲೇ ನೇರ ಗುಡಿಗೆ ಒಯ್ಯುತ್ತಾನೆ ಎಂದು ಅವಳಿಗೆ ಆಗ ಹೊಳೆಯಿತು.

ಕೋರ್ಟು ಎಂದರೆ ಕಟಕಟೆ, ಕರಿಕೋಟು ಎಂದು ಅವಳು ಹೆದರಿದ್ದಳು. ಅದೊಂದು ಸಾಮಾನ್ಯ ಕೋಣೆ. ಉದ್ದದ ಮೇಜು, ಫ್ಯಾನು, ಗೋಡೆಯ ಮೇಲೆ ಮಕ್ಕಳು ಬರೆದ ಚಿತ್ರಗಳು. ನಡುವೆ ಮ್ಯಾಜಿಸ್ಟ್ರೇಟ್ ಅಮ್ಮ, ಅಕ್ಕಪಕ್ಕದಲ್ಲಿ ಇಬ್ಬರು ಸದಸ್ಯರು. ಅವರಲ್ಲಿ ತಲೆ ನೆರೆತ ಒಬ್ಬರನ್ನು ಎಲ್ಲರೂ ದಿವಾಕರ್ ಸಾರ್ ಎನ್ನುತ್ತಿದ್ದರು. ಸಮವಸ್ತ್ರದ ಪೊಲೀಸರು ಒಬ್ಬರೂ ಇರಲಿಲ್ಲ. ವಿಜಯಕುಮಾರಿ ಮೂಲೆಯ ಕುರ್ಚಿಯಲ್ಲಿ ಫೈಲು ಹಿಡಿದು ಕೂತಿದ್ದರು, ವಳ್ಳಿಯಮ್ಮನ ಪರಿಚಯವೇ ಇಲ್ಲದವರಂತೆ.

ಇಂದುಜಾಳನ್ನು ಕರೆತಂದರು. ಯಾರದೋ ದೊಡ್ಡ ಚೂಡಿದಾರ್ ತೊಟ್ಟಿದ್ದಳು. ಅಜ್ಜಿಯ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ಕಿಟಕಿಯಾಚೆ ಗೇಟಿನ ಕಡೆ ಒಮ್ಮೆ ನೋಡಿ, ಅಲ್ಲಿ ನಿಂತ ಕಾರನ್ನು ಕಂಡು, ಕುರ್ಚಿಯನ್ನು ಕಿಟಕಿಯಿಂದ ದೂರಕ್ಕೆ ಎಳೆದುಕೊಂಡಳು.

"ತಂದೆ ಏನು ಹೇಳ್ತೀರಿ?" ಮ್ಯಾಜಿಸ್ಟ್ರೇಟ್ ಅಮ್ಮ ಕೇಳಿದರು.

"ಕರ್ಕೊಂಡು ಹೋಗ್ತೀನಿ ಅಮ್ಮ. ಚೆನ್ನಾಗಿ ನೋಡ್ಕೋತೀನಿ."

"ವರದಿಯಲ್ಲಿ ಬೇರೆ ಮಾತಿದೆ. ಮದುವೆಗೆ ಎಲ್ಲ ಸಿದ್ಧವಾಗಿದೆ ಅಂತಿದೆ."

"ಪೂರಾ ಸುಳ್ಳು ಅಮ್ಮ. ಯಾರು ಹೇಳಿದ್ದು?"

ಮ್ಯಾಜಿಸ್ಟ್ರೇಟ್ ಅಮ್ಮ ವಳ್ಳಿಯಮ್ಮನ ಕಡೆ ತಿರುಗಿದರು. "ಅಜ್ಜಿ, ಹುಡುಗಿಯನ್ನು ಸಾಕಿದವರು ನೀವು. ಮನೆಗೆ ಕಳಿಸೋಣವಾ?"

ವಳ್ಳಿಯಮ್ಮ ಎದ್ದು ನಿಂತಳು. ಕೂತೇ ಹೇಳಿ ಎಂದರು, ಕೂರಲಾಗಲಿಲ್ಲ. ದಿನವೂ ಆಡುವ ತಮಿಳು ಎಲ್ಲಿ ಹೋಯಿತೋ, ಒಂದಕ್ಷರ ಬರಲಿಲ್ಲ. ಸೊಂಟದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಪಕ್ಕದಲ್ಲಿ ಮಗನ ಉಸಿರು ಕೇಳುತ್ತಿತ್ತು.

"ಬ್ಯಾಡ," ಎಂದಳು. "ನನ್ನ ಕೂಸನ್ನ ಮನೆಗೆ ಕಳಿಸ್ಬ್ಯಾಡಿ."

ಇಂದುಜಾ ತಲೆ ಎತ್ತಿದಳು. ವಿಜಯಕುಮಾರಿ ಎದ್ದು ಅದನ್ನು ತಮಿಳಿನಲ್ಲಿ ಹೇಳಿದರು. ಮುಂದಿನ ಮಾತುಗಳನ್ನೂ ಒಂದೊಂದಾಗಿ ಹೇಳುತ್ತಾ ಹೋದರು. ಪೆಟ್ಟಿಗೆಯ ಸೀರೆ, ಶುಕ್ರವಾರದ ಗುಡಿ, ಗೇಟಿನ ಹೊರಗಿನ ಕಾರು, ಅದರೊಳಗಿನ ಗಂಟು, ಬಸ್‌ಸ್ಟಾಪಿನಲ್ಲಿ ಕಂಡ ಹೆಂಗಸು, ಯಾವುದನ್ನೂ ವಳ್ಳಿಯಮ್ಮ ಬಿಡಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡಲು ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕೊನೆಗೆ ತೋಳು ಮುಂದೆ ಚಾಚಿ ಮಣಿಕಟ್ಟು ತೋರಿಸಿದಳು. ಗುರುತು ಅಷ್ಟರಲ್ಲಿ ಹಸಿರಿಗೆ ತಿರುಗಿತ್ತು.

ಮಾರಪ್ಪನ್ ಬಾಯಿ ತೆರೆದ. ಮಣಿಕಟ್ಟನ್ನು ನೋಡಿ ಮುಚ್ಚಿದ.

"ಇಂದುಜಾ," ಮ್ಯಾಜಿಸ್ಟ್ರೇಟ್ ಅಮ್ಮ ಮೆಲ್ಲಗೆ ಕೇಳಿದರು, "ಈಗಲಾದರೂ ಹೇಳ್ತೀಯಾ?"

ಹುಡುಗಿ ಬಹಳ ಹೊತ್ತು ಅತ್ತಳು. ಆಮೇಲೆ ಹೇಳಿದಳು: "ಮದುವೆ ಬೇಡ ಅಂತ ಅಪ್ಪನಿಗೆ ಹೇಳಿದೆ, ಕೇಳಲಿಲ್ಲ. ಓಡಿಹೋದರೆ ಹಿಡ್ಕೊಂಡು ಬರ್ತೀನಿ ಅಂತ ಮಾವ ಹೇಳಿದ್ರು. ಪೊಲೀಸ್ ಕರ್ಕೊಂಡು ಹೋದ್ರೆ ಮಾತ್ರ ಬರೋಕಾಗಲ್ಲ ಅನ್ನಿಸ್ತು. ಕಸದ ಗೋಡೌನಿನಲ್ಲಿ ಯಾರೂ ಇರಲ್ಲ. ವಾಚ್‌ಮನ್ ತಾತ ಒಳಗೆ ಓಡ್ತಾರೆ ಅಂತ ಗೊತ್ತಿರಲಿಲ್ಲ." ಕುಪ್ಪಸಾಮಿಯ ಮಾತು ಬಂದಾಗ ತನ್ನ ಅಂಗೈಗಳನ್ನೇ ನೋಡಿಕೊಂಡಳು.

ಮ್ಯಾಜಿಸ್ಟ್ರೇಟ್ ಅಮ್ಮ ಅಕ್ಕಪಕ್ಕದ ಸದಸ್ಯರ ಕಡೆ ತಿರುಗಿದರು.

"ಹಾಗಾದರೆ ಇಲ್ಲೇ ಇರಲಿ," ಎಂದರು ದಿವಾಕರ್ ಸಾರ್. "ಹದಿನೆಂಟು ತುಂಬುವವರೆಗೆ ಗೃಹದಲ್ಲಿದ್ದರೆ ಯಾರೂ ಮುಟ್ಟುವಂತಿಲ್ಲ."

"ಹೆದರಿಸಿದವರು ಹೊರಗೆ ಓಡಾಡಿಕೊಂಡಿರ್ತಾರೆ, ಹೆದರಿದ ಮಗು ಎರಡು ವರ್ಷ ಬೀಗದೊಳಗೆ," ಎಂದರು ವಿಜಯಕುಮಾರಿ. "ಅದನ್ನು ನಾವು ಕಾವಲು ಅಂತ ಕರೀಬಹುದು ಸಾರ್. ಅವಳಿಗೆ ಅದು ಶಿಕ್ಷೆಯೇ. ತಪ್ಪು ಮಾಡಿದ್ದಾಳೆ, ಅದಕ್ಕೆ ಉತ್ತರ ಕೊಡಲಿ. ಆದರೆ ಜೈಲಿಗೂ ಈ ಮನೆಗೂ ನಡುವೆ ಇನ್ನೊಂದು ಜಾಗ ಇರಲೇಬೇಕು." ಆಮೇಲೆ ಕನ್ನಡದಲ್ಲಿ ಕೇಳಿದರು: "ಅಜ್ಜಿ, ನಿಮ್ಮೋರು ಯಾರಾದ್ರೂ ಇದ್ದಾರಾ? ಅವ್ನಿಗೆ ಹೆದರದೋರು?"

ಒಂಬತ್ತು ವರ್ಷದಿಂದ ಮನೆಯಲ್ಲಿ ಯಾರೂ ಆಡದ ಹೆಸರನ್ನು ವಳ್ಳಿಯಮ್ಮ ಆಡಿದಳು. "ಗೋಕಿಲಾ. ನನ್ನ ಮಗ್ಳು. ತಿರುಪ್ಪೂರಲ್ಲಿ ಬನಿಯನ್ ಕಂಪ್ನೀಲಿ ಇದ್ದಾಳೆ. ಬ್ಯಾರೆ ಜಾತಿಯೋನ್ನ ಕಟ್ಕಂಡ್ಲು ಅಂತ ನಾವೇ ಬಿಟ್ಬುಟ್ವಿ. ನಂಬರೂ ಇಲ್ಲ ನನ್ನ ಹತ್ರ." ನಾಚಿಕೆಯಿಂದ ದನಿ ಕುಗ್ಗಿತು.

ಗೋಕಿಲಾಳನ್ನು ಹುಡುಕಿ ವಿಚಾರಿಸುವವರೆಗೆ ಇಂದುಜಾ ಗೃಹದಲ್ಲೇ ಇರಲಿ ಎಂದು ಮಂಡಳಿ ಹೇಳಿತು. ಮದುವೆಯನ್ನು ತಡೆಯುವಂತೆ ಜಿಲ್ಲೆಯ ಅಧಿಕಾರಿಗಳಿಗೆ ಅಲ್ಲೇ ಪತ್ರ ಬರೆಯಿಸಿದರು. ಹೊರಗೆ ಹೋಗುವಾಗ ಇಂದುಜಾ ಅಜ್ಜಿಯನ್ನು ತಿರುಗಿ ನೋಡದೆ ದಾಟಿ ಹೋದಳು. ತನ್ನ ಮಾತು ಅವಳಿಗೆ ಹೇಗೆ ಕೇಳಿಸಿತೋ ಎಂದು ವಳ್ಳಿಯಮ್ಮ ತಲ್ಲಣಿಸಿದಳು.

ಗೇಟಿನ ಬಳಿ ಮಫ್ತಿಯ ಪೊಲೀಸೊಬ್ಬ ಸೆಂದಿಲ್ ಜೊತೆ ಮಾತಾಡುತ್ತಿದ್ದ. ಠಾಣೆಗೆ ಬಂದು ಹೇಳಿಕೆ ಬರೆದುಕೊಡಬೇಕು ಎನ್ನುತ್ತಿದ್ದ. ಸೆಂದಿಲ್ ಹೂಂ ಹೂಂ ಎನ್ನುತ್ತಾ ಪೊಲೀಸನ ಭುಜದ ಮೇಲಿನಿಂದ ವಳ್ಳಿಯಮ್ಮನನ್ನು ನೋಡಿದ.

"ಅತ್ತೆ," ಎಂದ. "ಊರಿಗೆ ಬಂದೇ ಬರ್ತೀರಲ್ಲ."

ಅವಳು ಕಾರು ಹತ್ತಲಿಲ್ಲ. ಗಾಂಧಿಪುರಂ ಬಸ್ ನಿಲ್ದಾಣದವರೆಗೆ ನಡೆದು ಅನ್ನೂರು ಬಸ್ಸು ಹಿಡಿದಳು. ಮಾರಪ್ಪನ್ ಹಿಂದೆಯೇ ಬಂದು ಎರಡು ಸೀಟು ದೂರ ಕೂತ. ಇವನು ಮನೆಯಲ್ಲಿ ಏನು ಮಾಡುತ್ತಾನೋ ಎಂದು ಅವಳಿಗೆ ತಾನು ಹೆತ್ತ ಮಗನ ಮೇಲೂ ಭಯವಾಯಿತು. ಗಣಪತಿ ದಾಟಿ, ಸರವಣಂಪಟ್ಟಿ ದಾಟಿ ಬಸ್ಸು ಖಾಲಿಯಾದ ಮೇಲೆ ಅವನು ಎದ್ದು ಬಂದು ಪಕ್ಕದಲ್ಲಿ ಕೂತ. ಬಹಳ ಹೊತ್ತು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಿದ್ದ.

"ನಂಗೂ ಪಯ ಅವ್ವ," ಎಂದ ಕೊನೆಗೆ. "ಮೊದ್ಲಿಂದ್ಲೂ ಅವ್ನ ಕಂಡ್ರೆ ಪಯ. ಅದ್ಕೇ ಸೆರಿ ಅಂದಿದ್ದು."

ಅವಳಿಗೆ ಅವನನ್ನು ಸಂತೈಸಬೇಕು ಎನ್ನಿಸಲಿಲ್ಲ. "ನಿನ್ನ ಪಯಕ್ಕೆ ಅವಳನ್ನ ಕೊಡೋಕೆ ಹೋದ್ಯಲ್ಲೋ," ಎಂದಳು ಅಷ್ಟೆ.

ಸೆಂದಿಲ್ ಮನೆಗೆ ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಒಂದು ಹೊಸ ಬೆಂಕಿಪೊಟ್ಟಣವಿತ್ತು. ಅದರ ಜೊತೆ ಚೀಟಿಯಾಗಲಿ ಬೇರೇನಾಗಲಿ ಇರಲಿಲ್ಲ. ವಳ್ಳಿಯಮ್ಮ ಅದನ್ನು ಮುಟ್ಟದೆ, ಬಾಗಿಲು ಹಾಕಿಕೊಂಡು ಒಳಗೆ ಕೂತು ಮಗನನ್ನು ಕೂಗಿದಳು. ಮಾರಪ್ಪನ್ ಎದ್ದು ಬಂದು ನೋಡಿದ. ಅವನು ಅದನ್ನು ಎತ್ತಿ ಬಿಸಾಡುತ್ತಾನೆ ಎಂದುಕೊಂಡಿದ್ದಳು. ಅವನು ಮೊಬೈಲಿನಲ್ಲಿ ಅದರ ಫೋಟೋ ತೆಗೆದು, ಆಫೀಸರಮ್ಮನಿಗೆ ಫೋನ್ ಮಾಡಿದ. ಎರಡು ಸಲ ತಪ್ಪು ನಂಬರಿಗೆ ಹೋಯಿತು. ಪೊಲೀಸರು ಬಂದು ಪೊಟ್ಟಣ ಒಯ್ದರು, ಸೆಂದಿಲ್‌ನನ್ನು ಕರೆಸಿ ಸಂಜೆಯವರೆಗೆ ಕೂರಿಸಿದರು. ತಾನಿಟ್ಟದ್ದಲ್ಲ ಎಂದನಂತೆ. ಇರಬಹುದು, ಇಲ್ಲದಿರಬಹುದು. ಅಣ್ಣನ ಮನೆಯಿಂದ ಮಾತು ನಿಂತಿತು. ಮಾರಪ್ಪನ್ ಮಿಲ್ಲಿನ ಆಸೆ ಬಿಟ್ಟು ಅನ್ನೂರಿನಲ್ಲಿ ಬಾಡಿಗೆಗೆ ಲೋಡ್ ಆಟೋ ಓಡಿಸತೊಡಗಿದ.

ಗೋಕಿಲಾ ಸಿಕ್ಕಳು. ಆದರೆ ತಕ್ಷಣ ಒಪ್ಪಲಿಲ್ಲ ಎಂದು ವಿಜಯಕುಮಾರಿ ಹೇಳಿದರು. ಒಂಬತ್ತು ವರ್ಷ ತಾನು ಬದುಕಿದ್ದೇನೋ ಸತ್ತಿದ್ದೇನೋ ಎಂದು ಕೇಳದವರು ಈಗ ಮಗು ಕಳಿಸುತ್ತಾರಾ ಎಂದು ಎರಡು ದಿನ ಸಿಟ್ಟಿನಲ್ಲಿದ್ದಳಂತೆ. ಮೂರನೆಯ ದಿನ ಅವಳ ಗಂಡ ಈಶ್ವರನ್ ತಾನೇ ಫೋನ್ ಮಾಡಿ, ನಮ್ಮದು ಎರಡೇ ಕೋಣೆ, ನಡೆಯುತ್ತದೆಯಾ ಎಂದು ಕೇಳಿದನಂತೆ.

ಮಂಡಳಿಯ ಮುಂದೆ ಕುಪ್ಪಸಾಮಿಯನ್ನೂ ಇಂದುಜಾಳನ್ನೂ ಎದುರುಬದುರು ಕೂರಿಸಿದ ದಿನ ವಳ್ಳಿಯಮ್ಮನೂ ಇದ್ದಳು. ಹುಡುಗಿ ಕ್ಷಮೆ ಕೇಳಿದಳು. ಮುದುಕ ಕ್ಷಮಿಸಿದೆ ಎನ್ನಲಿಲ್ಲ. "ಬೆರಳು ಇನ್ನೂ ಪೂರಾ ಮಡಚಲ್ಲ ಅಮ್ಮಣಿ," ಎಂದ. ಸ್ವಲ್ಪ ಬಿಟ್ಟು, "ದಿನಾ ನನ್ನ ಮುಂದೆಯೇ ಒಳಗೆ ಹೋಗ್ತಿದ್ದೆ. ನನಗೊಂದು ಮಾತು ಹೇಳಬಾರದಿತ್ತಾ?" ಎಂದ.

ತೀರ್ಮಾನವಾಗುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಇಂದುಜಾ ಒಂದು ವರ್ಷ ಅತ್ತೆ ಗೋಕಿಲಾಳ ಜವಾಬ್ದಾರಿಯಲ್ಲಿ, ಆಫೀಸರಮ್ಮನ ಕಣ್ಗಾವಲಿನಲ್ಲಿ ಇರಬೇಕು. ಮತ್ತೆ ಶಾಲೆಗೆ ಸೇರಬೇಕು. ಪ್ರತಿ ಶನಿವಾರ ಹತ್ತಿರದ ಅಂಗನವಾಡಿಯಲ್ಲಿ ಕೆಲಸ ಮಾಡಬೇಕು. ತಿಂಗಳಿಗೊಮ್ಮೆ ಬಂದು ವರದಿ ಒಪ್ಪಿಸಬೇಕು. ಒಳ್ಳೆಯ ನಡತೆ ತೋರಿಸಿದರೆ ಈ ಕೇಸಿನ ಕಲೆ ಅವಳ ಮೇಲೆ ಉಳಿಯುವುದಿಲ್ಲ ಎಂದರು.

ಅವಳು ತಿರುಪ್ಪೂರಿಗೆ ಹೋಗಿ ಮೂರು ವಾರವಾದ ಮೇಲೆ, ಒಂದು ಭಾನುವಾರ ವಳ್ಳಿಯಮ್ಮ ಒಬ್ಬಳೇ ಬಸ್ಸು ಹತ್ತಿದಳು. ಮಗಳ ಬಾಗಿಲು ತಟ್ಟುವ ಮೊದಲು ಸಾಲುಮನೆಗಳ ಮುಂದೆ ಎರಡು ಸಲ ಹೋಗಿ ಬಂದಳು. ಬಾಗಿಲು ತೆಗೆದ ಗೋಕಿಲಾ ತಾಯಿಯ ಮುಖವನ್ನೇ ನೋಡುತ್ತಾ ನಿಂತಳು. ಮಗಳ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. "ಬಿಸ್ಲಲ್ಲಿ ನಿಂತ್ಕಬ್ಯಾಡ, ಒಳಗೆ ಬಾ," ಎಂದಳು. ಹಳೆಯದರ ಮಾತನ್ನು ಆ ದಿನ ಇಬ್ಬರೂ ಎತ್ತಲಿಲ್ಲ. ಆದರೆ ಊಟಕ್ಕೆ ಕೂತಾಗ ತಾಯಿಯ ತಟ್ಟೆಗೆ ಕೇಳದೆಯೇ ಎರಡನೇ ಸಲ ಹುರುಳಿ ಸಾರು ಬಡಿಸಿದಳು.

ಇಂದುಜಾ ಸ್ವಲ್ಪ ಮೈಕೈ ತುಂಬಿಕೊಂಡಿದ್ದಳು. ಆದರೂ ಬಾಗಿಲಿಗೆ ಚಿಲಕ ಹಾಕಿ, ಹಾಕಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ಎಳೆದು ನೋಡುತ್ತಿದ್ದಳು. ಶಾಲೆಗೆ ಅತ್ತೆ ಬಿಡಬೇಕು, ಅಂಗಡಿಗೆ ಈಶ್ವರನ್ ಮಾವ ಜೊತೆಗಿರಬೇಕು. ಒಬ್ಬಳೇ ಬೀದಿಗೆ ಇಳಿದಿರಲಿಲ್ಲ. ಅಜ್ಜಿಯ ಕಾಲ ಬಳಿ ಕೂತು ಅವಳು ಹೇಳಿದಳು: "ಆವತ್ತು ನೀ ಬ್ಯಾಡ ಅಂದಾಗ, ನೀನೂ ನನ್ನ ಬಿಟ್ಬುಟ್ಟೆ ಅನ್ಕಂಡೆ ಅಜ್ಜಿ."

"ಎಷ್ಟೊತ್ತು ಅನ್ಕಂಡೆ?"

"ನೀ ಕೈ ತೋರ್ಸೋ ತನಕ."

ವಳ್ಳಿಯಮ್ಮ ಅವಳ ತಲೆಯನ್ನು ಮಡಿಲಿಗೆ ಒತ್ತಿಕೊಂಡಳು. ಸೆಂದಿಲ್ ಪಲ್ಲಡಂ ಕಡೆ ಬೇರೆ ಮಿಲ್ಲಿಗೆ ಹೋದನಂತೆ ಎಂದು ಊರಲ್ಲಿ ಜನ ಆಡುತ್ತಿದ್ದರು. ಪಲ್ಲಡಂ ತಿರುಪ್ಪೂರಿಗೆ ಎಷ್ಟು ಹತ್ತಿರ ಎನ್ನುವುದು ಅವಳಿಗೆ ಗೊತ್ತಿತ್ತು. ಅದನ್ನು ಗೋಕಿಲಾಳಿಗೆ ಹೇಳಿದಳು, ವಿಜಯಕುಮಾರಿಗೂ ಫೋನಿನಲ್ಲಿ ಹೇಳಿದಳು. ಹುಡುಗಿಗೂ ಹೇಳಿದಳು. ಈ ಸಲ ಯಾರಿಂದಲೂ ಏನನ್ನೂ ಬಚ್ಚಿಡಬಾರದು ಎಂದು ನಿಶ್ಚಯಿಸಿದ್ದಳು.

ನಾಲ್ಕು ಗಂಟೆಗೆ ಅವಳು ಹೊರಟಾಗ ಇಂದುಜಾ ಚಪ್ಪಲಿ ಹಾಕಿಕೊಂಡಳು. "ಬಸ್‌ಸ್ಟಾಪ್ ತನಕ ನಾ ಬರ್ತೀನಿ."

"ತಿರುಗಿ ಒಬ್ಳೇ ಬರ್ಬೇಕಲ್ಲ?"

"ಬರ್ತೀನಿ."

ಗೋಕಿಲಾ ಬಾಗಿಲವರೆಗೆ ಬಂದು ನಿಂತಳು. ಇಬ್ಬರೂ ಬೀದಿಯಲ್ಲಿ ಕೈ ಹಿಡಿದುಕೊಂಡು ನಡೆದರು. ಯಾರ ಅಂಗೈ ಹೆಚ್ಚು ಬೆವರಿತ್ತೋ ಹೇಳುವಂತಿರಲಿಲ್ಲ. ಭಾನುವಾರವಾದ್ದರಿಂದ ಕಂಪನಿಗಳಿಗೆ ರಜೆ. ಬೇರೆ ಬೇರೆ ಊರಿನ, ಬೇರೆ ಬೇರೆ ಮಾತಿನ ಜನ ಬೀದಿ ತುಂಬ ಇದ್ದರು. ಬಸ್ಸು ಬಂತು. ವಳ್ಳಿಯಮ್ಮ ಹತ್ತಿ ಕಿಟಕಿಯ ಬಳಿ ಕೂತು ನೋಡಿದಳು. ಇಂದುಜಾ ದುಪಟ್ಟಾ ತಲೆಗೆಳೆದುಕೊಂಡು, ಗೋಡೆಯ ಅಂಚು ಹಿಡಿದು, ಓಡದೆ ಆದರೆ ಬೇಗ ಬೇಗ ಹೋಗುತ್ತಿದ್ದಳು. ತಿರುವಿನಲ್ಲಿ ಒಮ್ಮೆ ನಿಂತು ಹಿಂದೆ ನೋಡಿದಳು. ಆಮೇಲೆ ಜನರ ನಡುವೆ ಕಾಣಲಿಲ್ಲ.

ಬಸ್ಸು ಹೊರಟಿತು. ವಳ್ಳಿಯಮ್ಮ ಸೊಂಟದಿಂದ ಫೋನು ತೆಗೆದು, ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕೈಗೆ ಕೊಟ್ಟು, ಮಗಳ ನಂಬರು ಒತ್ತಿಸಿಕೊಂಡಳು. ಅವಿನಾಶಿ ರಸ್ತೆ ಸೇರುವವರೆಗೂ ಫೋನು ಕಿವಿಯಿಂದ ತೆಗೆಯಲಿಲ್ಲ. ಗೋಕಿಲಾಳೂ ಫೋನು ಇಡಲಿಲ್ಲ. ಅವಳು ಬಾಗಿಲಲ್ಲೇ ನಿಂತಿದ್ದಾಳೆಂದು ಬೀದಿಯ ಸದ್ದಿನಿಂದ ತಿಳಿಯುತ್ತಿತ್ತು.

"ಕಾಣ್ತಾಳಾ?"

"ಇಲ್ಲ, ಇನ್ನೂ ಇಲ್ಲ."

"ಈಗ?"

"ಇರವ್ವ." ಆಮೇಲೆ ಚಪ್ಪಲಿಯ ಸದ್ದು, ಚಿಲಕದ ಸದ್ದು, ಯಾರೋ ಏದುಸಿರು ಬಿಡುವ ಸದ್ದು. "ಬಂದ್ಲು."